ಇಬ್ಬರು ಓಬಳಮ್ಮಂದಿರು

೧೯೮೩ರಲ್ಲಿ ನಾನು ಮಧುಗಿರಿಯಲ್ಲಿ ಪಂಚ್ ಆಪರೇಟರ್ ಆಗಿದ್ದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಂದ ಪ್ರಾಥಮಿಕ ಶಾಲೆಯ ಶಿಕ್ಷಕರ ಕೆಲಸಕ್ಕೆ ಬಂದ ಅರ್ಜಿಗಳನ್ನು ಕಾರ್ಡಿಗಿಳಿಸಲು ಖಾಸಗಿ ಸಂಸ್ಥೆಯೊಂದು ಅಲ್ಲಿ ಬಾಡಿಗೆ ಕೋಣೆ ಹಿಡಿದಿತ್ತು. ಕಂಪ್ಯೂಟರ್ ಇದ್ದದ್ದು ಬೆಂಗಳೂರಿನಲ್ಲಿ; ನಾನು ಅದರ ಮುಖವನ್ನೇ ನೋಡಿರಲಿಲ್ಲ. ಊರಿನವರು ಮಾತ್ರ ನನ್ನನ್ನು ಕಂಪ್ಯೂಟರ್ ಇಂಜಿನಿಯರ್ ಎನ್ನುತ್ತಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ಆ ಲೋಕದಲ್ಲಿ ಹುದ್ದೆಗಳ ಏಣಿಯೇ ಇತ್ತು. ಯಾವ ವಿವರ ಬೇಕು, ಯಾವುದು ಬೇಡ ಎಂದು ತೀರ್ಮಾನಿಸುವವರು ಸಿಸ್ಟಮ್ಸ್ ಅನಾಲಿಸ್ಟ್. ಅದನ್ನು ಯಂತ್ರಕ್ಕೆ ತಿಳಿಯುವ ಆಜ್ಞೆಗಳಾಗಿ ಬರೆಯುವವರು ಪ್ರೋಗ್ರಾಮರ್. ಯಂತ್ರ ನಡೆಸುವವರು ಕಂಪ್ಯೂಟರ್ ಆಪರೇಟರ್. ಕಟ್ಟಕಡೆಗೆ ನಾನು, ಅರ್ಜಿ ನೋಡಿ ಎಂಬತ್ತು ಕಾಲಂನ ಕಾರ್ಡಿನಲ್ಲಿ ರಂಧ್ರ ಕೊರೆಯುವವಳು. ಕಂಡದ್ದನ್ನು ಒತ್ತಬೇಕು, ಯೋಚಿಸಬಾರದು ಎಂಬುದೇ ನನಗೆ ಕೊಟ್ಟ ತರಬೇತಿ.

ಜಾಗ ಉಳಿಸಲು ತಂದೆಯ ಹೆಸರಿನ ಇಂಗ್ಲಿಷ್ ಮೊದಲಕ್ಷರ ಮಾತ್ರ ಸಾಕೆಂದು ಅನಾಲಿಸ್ಟ್ ಹೇಳಿದ್ದರು. ಒಬ್ಬರೇ ಎರಡು ಅರ್ಜಿ ಹಾಕಿದ್ದರೆ ಹಿಡಿಯಲು ಪ್ರೋಗ್ರಾಮರ್ ಒಂದು ನಿಯಮ ಬರೆದಿದ್ದರು. ಹೆಸರು, ಇನಿಷಿಯಲ್, ಊರು, ಹುಟ್ಟಿದ ದಿನ ಒಂದೇ ಆಗಿದ್ದರೆ ಎರಡನೆಯ ಕಾರ್ಡ್ ತಿರಸ್ಕೃತ.

ಪಾವಗಡದ ಅರ್ಜಿಗಳ ಕಟ್ಟಿನಲ್ಲಿ ರಾಯಚರ್ಲು ಎಂಬ ಹಳ್ಳಿಯ ಇಬ್ಬರು ಓಬಳಮ್ಮಂದಿರು ಸಿಕ್ಕರು. ಒಬ್ಬಳ ತಂದೆ ಹನುಮಂತಪ್ಪ, ಇನ್ನೊಬ್ಬಳ ತಂದೆ ಹೊನ್ನೂರಪ್ಪ. ಕುರಿ ಸಾಕುವ ಅಣ್ಣತಮ್ಮಂದಿರವರು; ಇಬ್ಬರೂ ತಂತಮ್ಮ ಮಗಳಿಗೆ ತಮ್ಮ ತಾಯಿಯ ಹೆಸರನ್ನೇ ಇಟ್ಟಿದ್ದರೆಂದು ನನಗೆ ಆಮೇಲೆ ತಿಳಿಯಿತು. ಕಾರ್ಡಿನಲ್ಲಿ ಇಬ್ಬರೂ ಎಚ್. ಓಬಳಮ್ಮ. ಹುಟ್ಟಿದ್ದೂ ಒಂದೇ ವರ್ಷದ ಜೂನ್ ಒಂದು. ನಮ್ಮ ಕಡೆ ಹುಟ್ಟಿದ ದಿನ ಬರೆದಿಡುವವರು ಯಾರು? ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ ಒಂದು ಎಂದು ಬರೆದುಕೊಂಡುಬಿಡುತ್ತಿದ್ದರು. ನನ್ನದೂ ಅದೇ.

ಇವರು ಇಬ್ಬರು ಬೇರೆ ಬೇರೆ, ಆದರೂ ಒಬ್ಬಳ ಕಾರ್ಡ್ ತಿರಸ್ಕೃತವಾಗುತ್ತದೆ ಎಂದು ತಪಾಸಣೆಗೆ ಬಂದ ಪ್ರೋಗ್ರಾಮರಿಗೆ ಹೇಳಿದೆ. ಕೆಟ್ಟ ಮನುಷ್ಯರೇನಲ್ಲ. "ಅದು ಅನಾಲಿಸ್ಟ್ ನೋಡಬೇಕಾದ್ದು. ನಿಮ್ಮ ಕೆಲಸ ಪಂಚ್ ಮಾಡೋದು, ಅಷ್ಟು ಮಾಡಿ ಸಾಕು" ಎಂದರು. ಅನಾಲಿಸ್ಟರಿಗೆ ಒಂದು ಕಾಗದ ಬರೆಯಬಹುದಿತ್ತು. ಬರೆಯಲಿಲ್ಲ. ನನ್ನ ನೌಕರಿ ಕಾಯಂ ಆಗಿರಲಿಲ್ಲ, ಅಧಿಕಪ್ರಸಂಗಿ ಅನ್ನಿಸಿಕೊಳ್ಳಲು ಹೆದರಿದೆ. ಹನುಮಂತಪ್ಪನ ಮಗಳ ಕಾರ್ಡನ್ನು ಮೇಲಿಟ್ಟೆ, ಹೊನ್ನೂರಪ್ಪನ ಮಗಳದ್ದನ್ನು ಕೆಳಗೆ. ಅದಕ್ಕೆ ಕಾರಣವೇನೂ ಇರಲಿಲ್ಲ.

ಆಯ್ಕೆಪಟ್ಟಿ ಬಂದ ವಾರಕ್ಕೆ ಹೊನ್ನೂರಪ್ಪನ ಮಗಳು ಅಂಕಪಟ್ಟಿ ಹಿಡಿದು ನಮ್ಮ ಕೋಣೆಗೆ ಬಂದಳು. ಕೆಲಸ ಸಿಕ್ಕಿದ್ದು ಇನ್ನೊಬ್ಬಳಿಗೆ. ಅಂಕ ಹೆಚ್ಚಿದ್ದದ್ದು ಇವಳಿಗೆ. ವಯಸ್ಸಿನ ಮಿತಿ ದಾಟುವುದರಿಂದ ಮುಂದಿನ ಸಲ ಅರ್ಜಿ ಹಾಕುವಂತೆಯೂ ಇರಲಿಲ್ಲ. ನಾನು ನಡೆದದ್ದನ್ನು ಬಿಡಿಸಿ ಹೇಳಿದೆ. ಪ್ರೋಗ್ರಾಮು ಬರೆದಂತೆಯೇ ನಡೆದಿದೆ, ಕಾರ್ಡಿನಲ್ಲಿ ತಪ್ಪಿಲ್ಲ, ಯಂತ್ರದಲ್ಲೂ ತಪ್ಪಿಲ್ಲ ಎಂದೆ.

"ಎಲ್ರೂ ಸರ್ಯಾಗೇ ಮಾಡವ್ರೆ ಅಂತೀರ. ಅಂಗಾದ್ರೆ ನನ್ ಕೆಲ್ಸ ಹೆಂಗೋಯ್ತಮ್ಮ?" ಎಂದು ಕೇಳಿದಳು.

ಬೆಂಗಳೂರಿಗೆ ಆಗ ಮೂರು ಕಾಗದ ಬರೆದೆ. ಆಪರೇಟರ್ ಪ್ರೋಗ್ರಾಮರನ್ನು ತೋರಿಸಿದರು, ಪ್ರೋಗ್ರಾಮರ್ ಅನಾಲಿಸ್ಟರನ್ನು. ಅನಾಲಿಸ್ಟ್ ಅಷ್ಟರಲ್ಲಿ ಬೇರೆ ಕಡೆ ಸೇರಿಕೊಂಡಿದ್ದರು. ಓಬಳಮ್ಮ ಅಪ್ಪನ ಕುರಿಗಳ ಹಿಂದೆ ಹೋದಳು.

ಮುಂದೆ ನಾನೇ ಪ್ರೋಗ್ರಾಮರ್ ಆದೆ, ಅನಾಲಿಸ್ಟ್ ಆಗಿ ನಿವೃತ್ತಳಾದೆ. ಒಬ್ಬೊಬ್ಬರ ಕೆಲಸ ಬೇರೆ ಬೇರೆ ಎಂದು ಹೊಸಬರಿಗೆ ಪಾಠವನ್ನೂ ಮಾಡಿದೆ. ಅದು ಸುಳ್ಳಲ್ಲ. ಆದರೆ ಓಬಳಮ್ಮಂದಿರು ಇಬ್ಬರೆಂದು ಅವತ್ತು ಅರ್ಜಿಗಳನ್ನು ಕಣ್ಣಾರೆ ನೋಡಿ ಖಚಿತವಾಗಿ ತಿಳಿದಿದ್ದವಳು ಎಲ್ಲರಿಗಿಂತ ಕೆಳಗಿದ್ದ ನಾನೊಬ್ಬಳೇ. ಗೊತ್ತಿದ್ದವರು ಹೇಳಲೇಬೇಕು, ಹುದ್ದೆ ಯಾವುದಾದರೂ ಸರಿ. ಒಮ್ಮೆ ಹೇಳಿ ಸುಮ್ಮನಾಗಬಾರದು. ಇಷ್ಟನ್ನು ನಾನು ಕಲಿತೆ. ಕಲಿತದ್ದರಿಂದ ಓಬಳಮ್ಮನಿಗೆ ಏನೂ ದಕ್ಕಲಿಲ್ಲ.