ಮರಾಲ ಮುಚ್ಚುವುದು ನನಗೆ ಗೊತ್ತಿತ್ತು

ನನಗೆ ಗೊತ್ತಿತ್ತು. ಮರಾಲ ಎಂಬ ಕಾರು ಕಂಪನಿ ಮುಚ್ಚಿಹೋಗಲಿದೆ ಎಂಬುದು, ನನ್ನ ಅಣ್ಣ ಹಾಲೇಶ ಹರಿಹರದ ತನ್ನ ಗ್ಯಾರೇಜನ್ನು ಆ ಒಂದೇ ಕಂಪನಿಗೆ ಒಪ್ಪಿಸುವುದಕ್ಕೆ ಮೊದಲೇ ನನಗೆ ಗೊತ್ತಿತ್ತು. ಅವನು ಕೇಳಿದ. ನಾನು ‘ಮುಚ್ಚುವುದಿಲ್ಲ’ ಎಂದೆ. ಆ ಮಾತಿನಿಂದ ಅವನ ಕೆಲಸ ಕೆಟ್ಟಿತು ಎಂದಷ್ಟೇ ಹೇಳಿದರೆ ಅದೂ ಒಂದು ಬಗೆಯ ಸುಳ್ಳಾಗುತ್ತದೆ — ಕೆಲಸ ಹೇಗೋ ಮತ್ತೆ ಕೂಡಿಕೊಂಡಿತು. ಕೂಡಿಕೊಳ್ಳದೆ ಹೋದವನು ತಿಪ್ಪೇಶಣ್ಣ.

ತಿಪ್ಪೇಶಣ್ಣ ನಮ್ಮ ಬಂಧುವಲ್ಲ. ಅಣ್ಣನೂ ಅವನೂ ಒಬ್ಬನೇ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತವರು. ಇಬ್ಬರ ತಂದೆಯರೂ ಹರಿಹರದ ಒಂದೇ ಕಾರ್ಖಾನೆಯಲ್ಲಿ ದುಡಿದು, ಅದು ನಿಂತಾಗ ಒಟ್ಟಿಗೆ ಮನೆಗೆ ಬಂದವರು. ಇಬ್ಬರೂ ಸೇರಿ ಗ್ಯಾರೇಜು ತೆರೆದಾಗ ಯಾರ ಹೆಸರು ಮೊದಲು ಬರಬೇಕೆಂದು ಜಗಳವಾಡಿದ್ದರು — ‘ನಿಂದು ಮೊದ್ಲು ಇರ್ಲಿ’, ‘ಇಲ್ಲಲೇ, ನಿಂದೇ ಇರ್ಲಿ’ ಎಂಬ ಜಗಳ. ಅಂಥ ಗೆಳೆತನವನ್ನು ನಾನು ಮುರಿದೆ.

ಮರಾಲ ಎಂದರೆ ಈಗಿನ ಓದುಗರಲ್ಲಿ ಅನೇಕರಿಗೆ ನೆನಪಾಗಲಾರದು. ಮೂತಿಯ ಮೇಲೆ ಕತ್ತು ಬಾಗಿಸಿದ ಬೆಳ್ಳಿಬಣ್ಣದ ಹಂಸವಿದ್ದ ಕಾರು. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಅದರ ಶೋರೂಮು ತೆರೆದ ಹೊಸದರಲ್ಲಿ ಜನ ಕೊಳ್ಳಲಿಕ್ಕಲ್ಲದಿದ್ದರೂ ನೋಡಲಿಕ್ಕೆಂದು ಬರುತ್ತಿದ್ದರು. ನಮ್ಮ ಮನೆಯಲ್ಲಿ ಮೊದಲು ಪದವಿ ಪಡೆದವಳು ನಾನು. ಬಿ.ಕಾಂ. ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿದೆ. ಗಾಜಿನ ಗೋಡೆ, ತಣ್ಣನೆಯ ಗಾಳಿ, ಕೊರಳಲ್ಲಿ ಹೆಸರಿನ ಪಟ್ಟಿ — ಬಾಯಿ ತೆರೆದರೆ ಎಲ್ಲಿ ನಮ್ಮ ಓಣಿಯ ಮಾತು ಹೊರಬೀಳುವುದೋ ಎಂಬ ಭಯದಲ್ಲಿ ನಾನು ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಒಮ್ಮೆ ತಿದ್ದಿ ನಂತರ ಆಡುತ್ತಿದ್ದೆ. ಆ ತಿದ್ದಿದ ಮಾತಿಗೆ ಬೆಲೆ ಬಂತು. ‘ನೀವು ಹೇಳಿದರೆ ಜನ ನಂಬುತ್ತಾರೆ, ಮಂಜುಳಾ’ ಎಂದು ವ್ಯವಸ್ಥಾಪಕರು ಎಲ್ಲರ ಎದುರು ಹೇಳಿದರು. ಅಷ್ಟು ಹೆಮ್ಮೆ ನನಗೆ ಪದವಿ ಕೈಗೆ ಬಂದ ದಿನವೂ ಆಗಿರಲಿಲ್ಲ.

ಗಿರಾಕಿಗಳಿಗೆ ನಾನು ಮೊದಲು ಬಾಗಿಲು ಹಾಕಲು ಹೇಳುತ್ತಿದ್ದೆ. ಮರಾಲದ ಬಾಗಿಲು ಮುಚ್ಚುವಾಗ ಭಾರವಾದ, ಮೆತ್ತನೆಯ ಒಂದು ಸದ್ದು ಬರುತ್ತಿತ್ತು. ಅದನ್ನು ಕೇಳಿದವರ ಮುಖ ಬದಲಾಗುತ್ತಿತ್ತು. ಅಕ್ಕಿ ಗಿರಣಿಯ ಹಿರಿಯರೊಬ್ಬರು ಮಾತ್ರ ಮೂತಿಯ ಮೇಲಿನ ಹಂಸವನ್ನೇ ನೋಡುತ್ತ ನಿಂತು, ‘ಏನವ್ವಾ, ಹಂಸ ಅಂತೀಯ, ನೋಡಿದ್ರೆ ಬಾತುಕೋಳಿ ಇದ್ದಂಗೈತೆ. ಮೊಟ್ಟೆ ಏನಾರ ಇಡುತ್ತಾ?’ ಎಂದರು. ‘ಒಳ್ಳೆಯ ಮೈಲೇಜ್ ಕೊಡುತ್ತದೆ, ಸರ್’ ಎಂದೆ ನಾನು, ನಗದೆ. ಅವರೇ ನಕ್ಕರು; ಕೊಂಡೂ ಕೊಂಡರು. ಬಾತುಕೋಳಿ ಎಂಬ ಹೆಸರು ಊರಿನಲ್ಲಿ ನಿಂತಿತು. ಆದರೂ ದೇವರಾಜ ಅರಸು ಬಡಾವಣೆಯ ಬೀದಿಗಳಲ್ಲಿ ಗೇಟಿನೊಳಗೆ ಬಾತುಕೋಳಿ ನಿಂತಿದ್ದರೆ ಆ ಮನೆಯವರು ಏಳಿಗೆಯಲ್ಲಿದ್ದಾರೆಂದೇ ಲೆಕ್ಕವಾಯಿತು. ಆಯುಧಪೂಜೆಯಂದು ಶೋರೂಮಿನ ಮುಂದೆ ಹೂವು ಮುಡಿದ ಕಾರುಗಳ ಸಾಲು ರಸ್ತೆಯ ತಿರುವಿನ ತನಕ ಬೆಳೆಯುತ್ತಿತ್ತು.

ಇಳಿಗಾಲ ಹೇಗೆ ಬಂತು ಎಂಬುದನ್ನು ನಾನು ಒಳಗಿದ್ದೂ ಕಾಣಲಿಲ್ಲ — ಕಾಣಲು ಇಷ್ಟಪಡಲಿಲ್ಲ ಎಂಬುದು ಹೆಚ್ಚು ಸರಿ. ಹೊಸ ಮಾದರಿ ಬರುತ್ತದೆ ಎಂದರು, ಬರಲಿಲ್ಲ. ಬಿಡಿಭಾಗಗಳು ತಡವಾಗತೊಡಗಿದವು. ಕೇಂದ್ರ ಕಚೇರಿಯಿಂದ ಬರುತ್ತಿದ್ದ ಅಧಿಕಾರಿಗಳು ಮೊದಲು ಬರುವುದನ್ನು ನಿಲ್ಲಿಸಿದರು, ನಂತರ ಫೋನು ಎತ್ತುವುದನ್ನು. ಹರಿಹರದವರು ಸಣ್ಣ ರಿಪೇರಿಗೂ ದಾವಣಗೆರೆಗೆ ಬರಬೇಕಲ್ಲ ಎಂದು ಹಿಂಜರಿಯುತ್ತಿದ್ದರು. ಅಲ್ಲೇ ಒಂದು ಸರ್ವಿಸ್ ಕೇಂದ್ರವಾದರೆ ಮಾರಾಟ ಸುಧಾರಿಸುತ್ತದೆ ಎಂದು ವ್ಯವಸ್ಥಾಪಕರು ಹೇಳಿದಾಗ ಅಣ್ಣನ ಗ್ಯಾರೇಜಿನ ಹೆಸರು ಹೇಳಿದವಳು ನಾನೇ. ಒಂದು ಷರತ್ತಿತ್ತು: ಹಂಸದ ಬೋರ್ಡು ಏರಿದ ಮೇಲೆ ಬೇರೆ ಯಾವ ಕಂಪನಿಯ ಗಾಡಿಯನ್ನೂ ಮುಟ್ಟಬಾರದು. ಪ್ರಸ್ತಾಪ ಮಾಡಿದಾಗ ನನಗೆ ಏನೂ ಗೊತ್ತಿರಲಿಲ್ಲ. ಅದು ಕೈಗೂಡುವ ಹೊತ್ತಿಗೆ ಎಲ್ಲವೂ ಗೊತ್ತಿತ್ತು.

ಒಂದು ಮಧ್ಯಾಹ್ನ ವ್ಯವಸ್ಥಾಪಕರು ನಮ್ಮಲ್ಲಿ ಕೆಲವರನ್ನು ಒಳಗಿನ ಕೋಣೆಗೆ ಕರೆದರು. ಕಂಪನಿ ಕಾರು ತಯಾರಿಸುವುದನ್ನು ನಿಲ್ಲಿಸುತ್ತಿದೆ, ಅಧಿಕೃತವಾಗಿ ಹೇಳಲು ಇನ್ನೂ ಕೆಲವು ತಿಂಗಳಿವೆ, ಇರುವ ಕಾರುಗಳು ಮಾರಾಟವಾಗುವ ತನಕ ಈ ಮಾತು ಹೊರಗೆ ಹೋದರೆ ಹೇಳಿದವರ ಕೆಲಸ ಅಂದೇ ಹೋಗುತ್ತದೆ ಎಂದರು. ಹೊರಡುವಾಗ ನನ್ನ ಕಡೆ ತಿರುಗಿ, ‘ಹರಿಹರದ ಕೆಲಸ ಬೇಗ ಮುಗಿಸಿ’ ಎಂದರು. ನಾನು ‘ಆಗಲಿ, ಸರ್’ ಎಂದೆ. ಯಾರೂ ನನ್ನನ್ನು ಕೈಹಿಡಿದು ಬಲವಂತ ಮಾಡಿರಲಿಲ್ಲ. ಬೆದರಿಕೆಯಿಂದ ಒಪ್ಪಿದೆನೆ, ಹೊಗಳಿಕೆಯಿಂದ ಒಪ್ಪಿದೆನೆ — ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಉತ್ತರ ಯಾವುದಾದರೂ ಮಾಡಿದ್ದು ಬದಲಾಗುವುದಿಲ್ಲ.

ಅದೇ ವಾರ ಅಮಾವಾಸ್ಯೆ ಬಂತು. ನಮ್ಮ ಕಡೆ ಅಂಗಡಿ, ಗ್ಯಾರೇಜು, ಗಾಡಿಗಳಿಗೆ ಅಂದು ಪೂಜೆ ತಪ್ಪುವುದಿಲ್ಲ. ಅಣ್ಣನ ಗ್ಯಾರೇಜಿನಲ್ಲಿ ಜ್ಯಾಕು, ಪಾನಾಗಳನ್ನೆಲ್ಲ ತೊಳೆದು, ವಿಭೂತಿ ಹಚ್ಚಿ, ಚೆಂಡುಹೂವಿಟ್ಟು, ಮುಂದೆ ದೀಪ ಹಚ್ಚಿದ್ದರು. ಮರುದಿನ ಕಂಪನಿಯವರಿಗೆ ಉತ್ತರ ಕೊಡಬೇಕಿತ್ತು. ತಿಪ್ಪೇಶಣ್ಣ ಒಪ್ಪಿರಲಿಲ್ಲ.

‘ಲೇ ಹಾಲೇಶಿ,’ ಎಂದ ಅವನು, ‘ಒಂದೇ ಕಂಪನಿ ನಂಬ್ಕಂಡು ಕುಂತ್ರೆ ಏನಾಗುತ್ತೆ ಅಂತ ಹರಿಹರದಾಗೆ ಹುಟ್ಟಿದೋರಿಗೆ ಬ್ಯಾರೆ ಯಾರಾರ ಹೇಳ್ಬೇಕೇನಲೇ? ನಿಮ್ಮಪ್ಪನ್ನೂ ನೋಡೀವಿ, ನಮ್ಮಪ್ಪನ್ನೂ ನೋಡೀವಿ. ಬಂದ ಗಾಡಿ ಎಲ್ಲಾ ಮಾಡಾಣ. ಬಾತುಕೋಳಿನೂ ಬರ್ಲಿ, ಕಾಗೆನೂ ಬರ್ಲಿ.’

‘ಕಂಪನಿಯೋರ ಕಾಗದ ನಾನೂ ನಂಬಲ್ಲ ಬಿಡು,’ ಎಂದ ಅಣ್ಣ. ‘ಗೇಟಿಗೆ ಹಚ್ಚಿದ್ದ ನೋಟೀಸು ನಂಬಿ, ಇವತ್ತು ತೆರೀತಾರೆ ನಾಳೆ ತೆರೀತಾರೆ ಅಂತ ಅಪ್ಪ ಕಾದ. ನಂಗೆ ಕಾಗದ ಬ್ಯಾಡ. ಮನೆ ಹುಡುಗಿ ಒಳಗೇ ಅದಾಳಲ್ಲ.’

ಬೇರೆ ಊರಿನವನಾಗಿದ್ದರೆ ಕರಾರು ಓದಿಸುತ್ತಿದ್ದ, ವಕೀಲರನ್ನು ಕೇಳುತ್ತಿದ್ದ. ಕಾರ್ಖಾನೆಯ ಗೇಟಿನ ಮುಂದೆ ಬೆಳೆದ ನನ್ನ ಅಣ್ಣ ತಂಗಿಯನ್ನು ಕೇಳಿದ.

‘ಮಂಜವ್ವ, ದೀಪ ಮುಟ್ಟಿ ಹೇಳು. ಇದು ಮುಚ್ಚಂಗಿಲ್ಲ ತಾನೆ?’

ದೀಪದ ಕಂಬ ಬಿಸಿಯಾಗಿತ್ತು. ಮುಟ್ಟಿದೆ. ‘ಮುಚ್ಚುವುದಿಲ್ಲ, ಅಣ್ಣ. ಕಂಪನಿ ಭದ್ರವಾಗಿದೆ.’

ತಿಪ್ಪೇಶಣ್ಣ ನನ್ನನ್ನೇ ನೋಡುತ್ತಿದ್ದ. ‘ಅಲ್ಲವ್ವಾ,’ ಎಂದ ಮೆಲ್ಲಗೆ, ‘ಗಿರಾಕಿಗೆ ಹೇಳ್ದಂಗೆ ಹೇಳ್ತೀಯಲ್ಲ. ನಮ್ಮ ಮನೆಯಾಗೆ ಮಾತಾಡ್ದಂಗೆ ಒಂದ್ಸಲ ಹೇಳು, ನೋಡಾಣ.’

ನಾನು ಉತ್ತರಿಸಬೇಕಾಗಿಯೇ ಬರಲಿಲ್ಲ — ಅಣ್ಣ ಎದ್ದು ನಿಂತಿದ್ದ. ‘ನನ್ನ ತಂಗಿ ದೀಪ ಮುಟ್ಟಿ ಸುಳ್ಳು ಹೇಳ್ತಾಳೇನಲೇ? ನಮ್ಮನೆ ಹುಡುಗಿ ಓದಿ ಮ್ಯಾಲೆ ಬಂದಿದ್ದು ನಿಂಗೆ ಹೊಟ್ಟೆಕಿಚ್ಚು. ಅದನ್ನ ಹೇಳು.’ ಪೂಜೆಗೆ ಬಂದಿದ್ದ ಅಕ್ಕಪಕ್ಕದ ಅಂಗಡಿಯವರೆಲ್ಲ ಕೇಳಿಸಿಕೊಂಡರು. ತಿಪ್ಪೇಶಣ್ಣ ಕೈಯಲ್ಲಿದ್ದ ಕೊಬ್ಬರಿ ಹೋಳನ್ನು ತಟ್ಟೆಗೆ ಹಿಂದಿರುಗಿಸಿ, ‘ಆಯ್ತು ಬಿಡಪ್ಪಾ’ ಎಂದು ಚಪ್ಪಲಿ ಮೆಟ್ಟಿದ.

ನಾನು ಕೂಗಬಹುದಿತ್ತು. ಅವನು ರಸ್ತೆ ದಾಟುವ ತನಕ ಸಮಯವಿತ್ತು.

ಹಳೆಯ ಬೋರ್ಡು ಇಳಿಯಿತು, ಹಂಸದ ಬೋರ್ಡು ಏರಿತು. ಹರಿಹರದಲ್ಲಿ ಕೆಲವು ಕಾರುಗಳು ಮಾರಾಟವೂ ಆದವು. ನಂತರ ಒಂದು ದಿನ ಟಿ.ವಿ.ಯಲ್ಲಿ ಸುದ್ದಿ ಬಂತು. ಅಣ್ಣ ಮೋಟಾರುಬೈಕು ಹತ್ತಿ ನೇರ ಶೋರೂಮಿಗೆ ಬಂದ. ಬಯ್ಯುತ್ತಾನೆ ಎಂದುಕೊಂಡೆ, ಬಯ್ಯಲಿ ಎಂದು ಬೇಡಿಕೊಂಡೆ. ಅವನು ನನ್ನ ತಲೆಯ ಮೇಲೆ ಕೈಯಿಟ್ಟು, ‘ನಿನ್ನ ಕೆಲಸ ಹೋತಲ್ಲವ್ವಾ… ನಿಂಗೂ ಮೋಸ ಮಾಡಿದ್ರಲ್ಲ ಈ ಮಂದಿ’ ಎಂದ. ನಾನು ಅತ್ತೆ. ಕೆಲಸಕ್ಕಾಗಿ ಅಳುತ್ತಿದ್ದೇನೆಂದು ತಿಳಿದು ಅವನು ಸಮಾಧಾನ ಮಾಡಿದ.

ತಿಪ್ಪೇಶಣ್ಣ ಅಷ್ಟರಲ್ಲಿ ದಾವಣಗೆರೆಗೆ ಬಂದು ಆನೆಕೊಂಡದಲ್ಲಿ ಒಂದು ತಗಡಿನ ಶೆಡ್ಡು ಹಾಕಿಕೊಂಡಿದ್ದ. ನಾನು ಬೇರೊಂದು ಕಚೇರಿ ಸೇರಿ ಅದೇ ದಾರಿಯಲ್ಲಿ ಓಡಾಡುತ್ತಿದ್ದೆ. ಒಂದು ಸಂಜೆ ಅವನು ರಸ್ತೆಗೆ ಬಂದು ನನ್ನನ್ನು ನಿಲ್ಲಿಸಿದ. ‘ಅವತ್ತು ನಿಂಗೆ ಗೊತ್ತಿತ್ತೇನವ್ವಾ?’

ನಾನು ಹೌದೆಂದು ತಲೆಯಾಡಿಸಿದೆ. ಅಣ್ಣನಿಗೆ ಹೇಳಲಾಗದ್ದು ಅವನ ಮುಂದೆ ಅಷ್ಟು ಸುಲಭವಾಗಿ ಹೇಗೆ —

ಅವನು ನಕ್ಕ, ಒಳ್ಳೆಯ ನಗುವಲ್ಲ. ‘ನಾನು ಹೋಗಿ ಹೇಳಲ್ಲ. ಹೇಳಿದ್ರೆ ಮತ್ತೂ ಹೊಟ್ಟೆಕಿಚ್ಚು ಅಂತಾನೆ ನಿಮ್ಮಣ್ಣ. ನೀನೇ ಹೇಳು. ನೀ ಹೇಳಿದ ದಿನ ಅವನೇ ಓಡಿ ಬರ್ತಾನೆ, ನಂಗೊತ್ತು. ಬರ್ದಿದ್ರೆ ನಾನೇ ಬರ್ತೀನಿ, ಹೋಗು.’

ಹೇಳಲಿಲ್ಲ. ಹಬ್ಬಕ್ಕೆ ಹೋದಾಗ ಹೇಳೋಣವೆಂದುಕೊಂಡೆ. ಅಣ್ಣನ ಮಗಳ ಮದುವೆ ಮುಗಿಯಲಿ ಎಂದುಕೊಂಡೆ. ಅತ್ತಿಗೆ ಒಳಗೆ ಹೋಗಲಿ, ಅಣ್ಣನ ಊಟ ಮುಗಿಯಲಿ… ಅವನೋ, ಮಾತು ಬಂದಲ್ಲೆಲ್ಲ ‘ನನ್ನ ತಂಗಿಗೂ ಗೊತ್ತಿರ್ಲಿಲ್ಲ ಪಾಪ’ ಎಂದೇ ಹೇಳುತ್ತ ಬಂದ. ಗ್ಯಾರೇಜಿನ ಹಿತ್ತಲಿನಲ್ಲಿ ಕೆಟ್ಟ ಎರಡು ಮರಾಲಗಳನ್ನು ಇಟ್ಟುಕೊಂಡು, ಅವುಗಳ ಭಾಗ ಕಳಚಿ, ಇನ್ನೂ ಓಡುತ್ತಿದ್ದ ಮರಾಲಗಳಿಗೆ ಜೋಡಿಸುತ್ತಿದ್ದ. ಬಿಡಿಭಾಗ ಎಲ್ಲೂ ಸಿಗದೆ ರಾಣೆಬೆನ್ನೂರಿನಿಂದ, ಚಿತ್ರದುರ್ಗದಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ಬಂದವರಲ್ಲಿ ಕೆಲವರಿಗೆ ಆ ಕಾರು ಮಾರಿದವಳು ನಾನೇ. ವರ್ಷಗಳು ಕಳೆದಂತೆ ಅವರೂ ಕಡಿಮೆಯಾದರು. ಹಿತ್ತಲಿನ ಕಾರುಗಳಲ್ಲಿ ಕಳಚಲು ಏನೂ ಉಳಿಯದಾದಾಗ ಗುಜರಿಯವರು ಬಂದು ಎಳೆದೊಯ್ದರು.

ಈ ವರ್ಷ ತಿಪ್ಪೇಶಣ್ಣ ತೀರಿಕೊಂಡ. ಮಣ್ಣಿಗೆ ಅಣ್ಣನೂ ಬಂದಿದ್ದ. ಆದರೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುವಾಗ ಅವನು ಬೇಲಿಯ ಆಚೆಯೇ ನಿಂತಿದ್ದ. ಹರಿಹರದಿಂದ ಬಂದಿದ್ದವರೊಬ್ಬರು ಪಕ್ಕದವರಿಗೆ, ‘ಕೆಲಸಗಾರ ಏನೋ ಚಲೋ ಇದ್ದ, ಆದ್ರೆ ಹೊಟ್ಟೆಕಿಚ್ಚಿನ ಮನುಷ್ಯ’ ಎಂದರು. ನನಗೆ ಕೇಳಿಸಿತು. ತಿಪ್ಪೇಶಣ್ಣನ ಹೆಂಡತಿಗೂ ಕೇಳಿಸಿರಬೇಕು. ಹಿಂದಿರುಗುವಾಗ ಅಣ್ಣ, ‘ಸಾಯೋಗಂಟ ನನ್ನ ಮ್ಯಾಲಿನ ಸಿಟ್ಟು ಬಿಡ್ಲಿಲ್ಲ ನೋಡವ್ವಾ ಅವನು’ ಎಂದ. ಆಗಲೂ ನಾನು ಸುಮ್ಮನಿದ್ದೆ. ದೀಪ ಮುಟ್ಟಿದ ಸುಳ್ಳಿಗಿಂತ ಈ ಮೌನ ದೊಡ್ಡ ಪಾಪವೆಂದು ನನಗೆ ಈಗ ತೋರುತ್ತದೆ.

ಕಳೆದ ವಾರ ಹರಿಹರಕ್ಕೆ ಹೋಗಿ ಹೇಳಿದೆ. ಅಣ್ಣ ಯಾವುದೋ ಗಾಡಿಯ ಚಕ್ರ ಬಿಚ್ಚುತ್ತಿದ್ದ. ಪೂರ್ತಿ ಕೇಳಿದ. ಕೈ ಒರೆಸಿಕೊಂಡ. ಒಂದೇ ಪ್ರಶ್ನೆ ಕೇಳಿದ:

‘ತಿಪ್ಪೇಶಿಗೆ ಗೊತ್ತಿತ್ತೇನು, ನಿಂಗೆ ಗೊತ್ತಿತ್ತು ಅಂತ?’

‘ಗೊತ್ತಿತ್ತು. ನಾನು ನಿನಗೆ ಹೇಳಲಿ ಎಂದು ಕಾಯುತ್ತಿದ್ದ.’

ಅಣ್ಣ ಅಲ್ಲೇ ಟೈರಿನ ಮೇಲೆ ಕುಳಿತ. ‘ಹಂಗಾರೆ ಸಿಟ್ಟಿರ್ಲಿಲ್ಲ ಅವನಿಗೆ,’ ಎಂದ, ತನಗೆ ತಾನೇ. ಮತ್ತೆ ಹೇಳಿದ: ‘ನಾನು ಒಂದ್ಸಲ ಆನೆಕೊಂಡಕ್ಕೆ ಹೋಗಿದ್ದೆ. ಶೆಡ್ಡಿನ ಎದುರು ಗಾಡಿ ನಿಲ್ಲಿಸ್ದೆ. ಅವನು ತಲೆ ಎತ್ತಿ ನೋಡಿ ಎದ್ದು ನಿಂತ. ಬಯ್ಯಾಕೆ ಎದ್ದಾನೆ ಅಂದ್ಕಂಡು ನಾನು ಇಳೀಲೇ ಇಲ್ಲ. ಹಂಗೇ ಹೊರಟು ಬಂದೆ.’

ಅನಂತರ ಅವನು ನನ್ನೊಂದಿಗೆ ಮಾತನಾಡಿಲ್ಲ. ಮಾತನಾಡಬೇಕೆಂದು ನಾನು ಕೇಳುವುದೂ ಇಲ್ಲ. ಆನೆಕೊಂಡಕ್ಕೆ ಹೋಗಿ ತಿಪ್ಪೇಶಣ್ಣನ ಹೆಂಡತಿಯ ಎದುರು ನಿಂತು ಇದನ್ನೇ ಹೇಳಬೇಕಾಗಿದೆ, ಹೋಗುತ್ತೇನೆ. ಆಕೆ ಬಾಗಿಲು ತೆರೆಯದಿದ್ದರೆ ಹೊರಗೆ ನಿಂತೇ ಹೇಳುತ್ತೇನೆ. ಅದಕ್ಕೂ ಮೊದಲು ಇದನ್ನು ಬರೆದದ್ದು ಹರಿಹರದವರಿಗಾಗಿ — ಅಂದು ಪೂಜೆಗೆ ಬಂದಿದ್ದವರಿಗೆ, ಮಣ್ಣಿನ ದಿನ ಹಾಗೆ ಮಾತನಾಡಿದವರಿಗೆ. ತಿಪ್ಪೇಶಣ್ಣ ಹೊಟ್ಟೆಕಿಚ್ಚಿನವನಲ್ಲ. ಅವನು ಹೇಳಿದ್ದು ನಿಜವಾಗಿತ್ತು. ಸುಳ್ಳು ನನ್ನದು.