ವಿದೇಶಿ ವಿದ್ಯಾರ್ಥಿಗಳ ಸಂಖ್ಯೆ: ಒಂದು

ಕಳೆದ ತಿಂಗಳು ಲಿಂಗಸುಗೂರಿನಿಂದ ಸಿಂಧನೂರಿಗೆ ಹೊರಟಿದ್ದೆ. ಮಸ್ಕಿಯಲ್ಲಿ ಬಸ್ಸು ನಿಂತಾಗ ಹಿಂದಿನ ಸೀಟಿನಲ್ಲಿ ಯಾರೋ ಬುತ್ತಿ ಬಿಚ್ಚಿದರು. ಸಾಸಿವೆ ಎಣ್ಣೆಯಲ್ಲಿ ಹುರಿದ ಮೀನಿನ ವಾಸನೆ. ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ...

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸಿಂಧನೂರಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದೆ. ಆಕೆ ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿನಿ. ಪೂರ್ವ ಬಂಗಾಲದಿಂದ ಬಂದವರಿಗೆ ಸರ್ಕಾರ ಊರ ಹೊರಗೆ ಕಟ್ಟಿಕೊಟ್ಟಿದ್ದ ಕ್ಯಾಂಪಿನವಳು. ಅಪ್ಪ ಅಮ್ಮ ಇಲ್ಲಿ ನೆಲೆಸಿ ಎಷ್ಟೋ ವರ್ಷಗಳ ಮೇಲೆ ಹುಟ್ಟಿದವಳು. ಗೆಳತಿಯರ ರೊಟ್ಟಿ, ಪುಂಡಿಪಲ್ಯ ತಿಂದು ತನ್ನ ಬುತ್ತಿಯ ಸಾಸಿವೆ ಎಣ್ಣೆಯ ಮೀನು ತೋರಿಸಿ ಅವರನ್ನು ಕಾಡುತ್ತಿದ್ದಳು: "ತಿನ್ಬೇ, ಮುಳ್ಳು ತಗದು ಕೊಡ್ತೀನಿ." ಈ ಮಾತು ನಾನು ಕೇಳಿದ್ದೋ, ಆಮೇಲೆ ಆಕೆಯ ಬಾಯಲ್ಲಿ ಇಟ್ಟದ್ದೋ, ಆಣೆ ಮಾಡಿ ಹೇಳಲಾರೆ.

ಶಾಲೆಯ ಮಾಸ್ತರಣಿಯಾಗಬೇಕೆಂಬುದು ಆಕೆಯ ಆಸೆ. ತರಬೇತಿಗೆ ಅರ್ಜಿ ಹಾಕಲು ವಾಸದ ಪ್ರಮಾಣಪತ್ರ ಬೇಕಿತ್ತು. "ಯಾವಾಗಿಂದ ತಾಲೂಕು ಆಫೀಸಿಗೆ ತಿರುಗಾಕತ್ತೀನ್ರೀ ಸರ. ಕ್ಯಾಂಪಿನವ್ರು ಅಂದ್ರ ಫೈಲು ಮ್ಯಾಲ ಏಳಾಂಗಿಲ್ಲ. ಈಕಿ ಇಲ್ಲಿಯಾಕಿ ಅಂತ ಕಾಲೇಜಿಂದ ಒಂದು ಪತ್ರ ಕೊಡ್ರಿ" ಎಂದು ಕೇಳಿದಳು. ಮುಂದಿನ ವಾರ ಬಾ ಎಂದೆ.

ಆಗ ನನ್ನ ತಲೆಯ ಮೇಲೆ ಸ್ವಮೌಲ್ಯಮಾಪನ ವರದಿ ಕೂತಿತ್ತು. ಕಾಲೇಜು ತನ್ನನ್ನು ತಾನೇ ತೂಗಿಕೊಳ್ಳಬೇಕು, ಆಮೇಲೆ ಹೊರಗಿನ ಸಮಿತಿ ಬಂದು ನೋಡಬೇಕು. ಅದರಲ್ಲಿ ಒಂದು ಭಾಗ, ಹೊರದೇಶಗಳೊಡನೆ ನಮ್ಮ ಸಂಬಂಧ. ಉದ್ದಕ್ಕೂ 'ಇಲ್ಲ' ಎಂದು ಬರೆದಿದ್ದೆ. ಪ್ರಾಂಶುಪಾಲರು ಹಾಳೆಯನ್ನು ನನ್ನತ್ತ ತಳ್ಳಿದರು.

"ಏನ್ರೀ ಇದು, ನಮಗ ನಾವಾ ನಪಾಸ್ ಮಾಡ್ಕೊಂಡಂಗ! ಏನರ ಹುಡುಕ್ರಿ."

ಹುಡುಕಿದವನು ನಾನೇ. ಅವರೇ ಬರೆಸಿದರೆಂದು ಎಷ್ಟೋ ಜನರ ಮುಂದೆ ಹೇಳಿದ್ದೇನೆ, ಹೇಳಿ ಹೇಳಿ ನಂಬಿಯೂ ಇದ್ದೆ. ಇಲ್ಲ. 'ವಿದೇಶಿ ವಿದ್ಯಾರ್ಥಿಗಳ ಸಂಖ್ಯೆ: ಒಂದು' ಎಂದು ಯೋಚಿಸಿ ಬರೆದವನು ನಾನು. ಪ್ರಾಂಶುಪಾಲರು ಭೇಷ್ ಎಂದರು. ನನಗೆ ಹಿತವಾಗಿತ್ತು.

ಸಮಿತಿ ಬಂದ ದಿನ ತರಗತಿಯಲ್ಲಿ ಆಕೆಯನ್ನು ಎಬ್ಬಿಸಿ ನಿಲ್ಲಿಸಿದರು. ನಿಮ್ಮ ದೇಶ ಯಾವುದು ಎಂದು ಅತಿಥಿಯೊಬ್ಬರು ಕೇಳಿದರು. "ಏ ಫಾರಿನ್ನಾಕಿ, ಹೇಳಬೇ!" ಎಂದು ಹಿಂದಿನ ಬೆಂಚು ಕೂಗಿತು. ಆಕೆಯೂ ನಕ್ಕಳು.

"ನಾನಾ? ನಾ ಸಿಂಧನೂರಾಕಿ ಅದೀನ್ರೀ. ಇಲ್ಲೇ ದವಾಖಾನ್ಯಾಗ ಹುಟ್ಟೀನಿ."

ಅತಿಥಿ ಬೆರಗಾದರು. "ಹೊರದೇಶದ ಹುಡುಗಿಗೆ ಎಂಥಾ ಕನ್ನಡ ಕಲಿಸಿದ್ದೀರಿ!" ಪ್ರಾಂಶುಪಾಲರು ಕೈ ಮುಗಿದರು. ನಾನೂ ಮುಗಿದೆ. ಆಕೆ ನನ್ನ ಕಡೆ ನೋಡಿದಳು. ನಗು ಹೋಗಿತ್ತು.

ಮರುದಿನ ಊರಿನ ಪತ್ರಿಕೆಯಲ್ಲಿ ಸುದ್ದಿ ಬಂತು, ನಮ್ಮ ಕಾಲೇಜಿನ ವಿದೇಶಿ ವಿದ್ಯಾರ್ಥಿನಿಯ ಫೋಟೋದೊಂದಿಗೆ. ಅಳುಕಿ, ಆಕೆ ಕೇಳಿದ್ದ ಪತ್ರ ಬರೆದಿಟ್ಟು ಆಕೆಯನ್ನು ಕರೆಸಿದೆ. ಕೈಗೆ ತೆಗೆದುಕೊಳ್ಳಲಿಲ್ಲ.

"ಆಫೀಸಿನ್ಯಾಗ ಪೇಪರ್ ಓದ್ಯಾರ್ರೀ ಸರ. ನಿಮ್ಮ ಕಾಲೇಜಿನವ್ರಾ ಫಾರಿನ್ ಅಂದಾರ, ನಾವೇನು ಮಾಡೂಣು ಅಂದ್ರು."

ನಾನೇ ಕಚೇರಿಗೆ ಹೋಗಿ ಅದು ನನ್ನ ಸುಳ್ಳು ಎನ್ನಬಹುದಿತ್ತು. ಹಾಗೆಂದರೆ ವರದಿಯೇ ಸುಳ್ಳಾಗುತ್ತಿತ್ತು. ಅರ್ಜಿಯ ದಿನ ದಾಟಿತು. ಪರೀಕ್ಷೆ ಬರೆದು ಹೋದ ಆಕೆ ಮತ್ತೆ ಕಾಣಿಸಲಿಲ್ಲ. ನಮಗೆ ಒಳ್ಳೆಯ ಶ್ರೇಣಿ ಬಂತು. ಪೇಡೆ ಹಂಚಿದರು, ತಿಂದೆ.

ಕಳೆದ ತಿಂಗಳು ಆ ಬಸ್ಸಿನಿಂದ ಸಿಂಧನೂರಿನಲ್ಲಿ ಇಳಿದವನು, ಏನನ್ನಿಸಿತೋ, ಕ್ಯಾಂಪಿಗೆ ಹೋಗುವ ಆಟೋ ಹತ್ತಿದೆ.

"ಯಾರ ಮನಿಗ್ರೀ?" ಎಂದ ಡ್ರೈವರ್.

ಬಾಯಿ ತೆರೆದೆ. ಮುಖವಿತ್ತು, ದನಿಯಿತ್ತು... ಹೆಸರು ಬರಲಿಲ್ಲ.

"ಹೆಸರು ಹೇಳದಿದ್ರ ಹ್ಯಾಂಗ್ರೀ ಯಜಮಾನ್ರ? ಅಲ್ಲೇನು ಒಂದ ಮನಿ ಐತೇನು?"

ಇಳಿದುಬಿಟ್ಟೆ. ವರದಿಯಲ್ಲೂ ನಾನು ಆಕೆಯ ಹೆಸರು ಬರೆದಿರಲಿಲ್ಲ.