ಬುಟ್ಟಿಯಿಂದೆದ್ದ ಎಂಟು ಸ್ಲೈಡು

ಗಿರಿಜಾ ಮೇಡಂ ಸ್ಟೂಲ್ ಹತ್ತಿದರೆಂದರೆ ನಮ್ಮ ಲ್ಯಾಬಿನಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಬೆಳಗಾವಿಯ ಏಪ್ರಿಲ್ ಸೆಕೆಯಲ್ಲೂ ಫ್ಯಾನ್ ಬಂದ್. ಐದಡಿಯೂ ಇಲ್ಲದ ಅವರು ಸೆರಗು ಸೊಂಟಕ್ಕೆ ಬಿಗಿದು, ಡ್ರಾಪರನ್ನು ತಲೆಗಿಂತ ಮೇಲೆತ್ತಿ, ನೆಲದ ಮೇಲಿಟ್ಟ ತಣ್ಣನೆಯ ಗಾಜಿನ ಸ್ಲೈಡಿಗೆ ಒಂದೇ ಒಂದು ಹನಿ ಬಿಡುತ್ತಿದ್ದರು. ಆ ಹನಿಯಲ್ಲಿ ಮೀನಿನ ಮೂತ್ರಪಿಂಡದ ಜೀವಕೋಶಗಳು. ಬಿದ್ದ ಏಟಿಗೆ ಕೋಶ ಒಡೆದು, ಒಳಗಿನ ಕ್ರೋಮೋಸೋಮುಗಳು ಒಂದರಿಂದೊಂದು ಬಿಡಿಸಿಕೊಂಡು ಹರಡಬೇಕು. ಆಗಷ್ಟೇ ಎಣಿಸಲು ಬರುತ್ತದೆ. ಅವರ ಹನಿ ಗುರಿ ತಪ್ಪಿದ್ದನ್ನು ನಾನು ನೋಡಿಲ್ಲ. ನಾನು ಬಿಟ್ಟದ್ದು ಮಾತ್ರ ನನ್ನ ಚಪ್ಪಲಿಯ ಮೇಲೇ ಬೀಳುತ್ತಿತ್ತು.

ಮೇಡಂ ಮಹಾಂತೇಶ ನಗರದವರು. ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ಚಹಾ ಕೂಡ ಮುಟ್ಟುತ್ತಿರಲಿಲ್ಲ. ಮೀನು ತಿನ್ನುವುದಂತೂ ದೂರದ ಮಾತು. ನಾನು ಖಾನಾಪುರ ಕಡೆಯ ಕುರಿ ಕಾಯುವ ಮನೆತನದವಳು, ಮೀನುಸಾರು ಇದ್ದರೆ ಎರಡು ತುತ್ತು ಹೆಚ್ಚೇ ಉಣ್ಣುವವಳು. ಆದರೂ ಲ್ಯಾಬಿನಲ್ಲಿ ಮೀನು ಸತ್ತಾಗ ಕಸಿವಿಸಿಪಡುತ್ತಿದ್ದವರು ಅವರು, ನಾನಲ್ಲ. ಪ್ರತಿ ಮೀನಿಗೂ ರಿಜಿಸ್ಟರಿನಲ್ಲಿ ಒಂದು ಸಾಲು: ಯಾವ ಹಳ್ಳದ್ದು, ಎಷ್ಟು ಸ್ಲೈಡು, ಕೊನೆಗೆ ಎಷ್ಟು ಕ್ರೋಮೋಸೋಮು.

“ನೀ ತಿಂದಿದ್ರ ಅದು ಹೊಟ್ಟಿಗರ ಆಗ್ತಿತ್ತು, ನೀಲಾ. ನಾವು ಎಣಿಸಾಕಂತ ಕೊಂದೇವಿ. ಎಣಿಸಲಿಲ್ಲಂದ್ರ ಸುಮ್ನ ಕೊಂದಂಗ ಆಗತೈತಿ” ಎನ್ನುತ್ತಿದ್ದರು.

ಅವರ ಕೈಕೆಳಗೆ ನನ್ನ ಪಿಎಚ್‌ಡಿ ಪರಗಿ ಎಂಬ ಬೆರಳುದ್ದದ ಮೀನಿನ ಮೇಲೆ. ಪುಸ್ತಕದ ಪ್ರಕಾರ ಅದಕ್ಕೆ ಐವತ್ತು ಕ್ರೋಮೋಸೋಮು. ನಾನು ತಂದ ಮೀನುಗಳಲ್ಲೂ ಐವತ್ತೇ. ಖಾನಾಪುರದಾಚೆ ಕಾಡಂಚಿನ ಒಂದು ಹಳ್ಳದಿಂದ ತಂದ ಒಂದೇ ಒಂದು ಮೀನು ಮಾತ್ರ ನಲವತ್ತೆಂಟು ತೋರಿಸಿತು. ಹನಿಯ ಏಟು ಜೋರಾದರೆ ಒಂದೆರಡು ಕ್ರೋಮೋಸೋಮು ಆಚೆ ಹಾರಿಹೋಗುವುದು ಮಾಮೂಲು. ಪ್ರಬಂಧ ಒಪ್ಪಿಸಲು ಉಳಿದದ್ದು ಎರಡೇ ತಿಂಗಳು. ತಪ್ಪಿದರೆ ನನ್ನ ನೋಂದಣಿಯೇ ರದ್ದು. ಸ್ಲೈಡು ಕೆಟ್ಟಿವೆ ಎಂದುಕೊಂಡು ಎಂಟನ್ನೂ ಕಸದ ಬುಟ್ಟಿಗೆ ಹಾಕಿದೆ. ಪ್ರಬಂಧದಿಂದ ಆ ಹಳ್ಳದ ಹೆಸರನ್ನೂ ತೆಗೆದೆ.

ಮರುದಿನ ಮೇಡಂ ರಿಜಿಸ್ಟರ್ ಹಿಡಿದು ಸ್ಲೈಡಿನ ಪೆಟ್ಟಿಗೆ ನೋಡಿದರು. ಎಂಟು ಕಡಿಮೆ. ನನ್ನ ಕಣ್ಣು ಬುಟ್ಟಿಯತ್ತ ಹೋಯಿತು. ಅವರು ಬುಟ್ಟಿಯನ್ನು ಪೇಪರಿನ ಮೇಲೆ ಸುರಿದು, ನೆಲಕ್ಕೆ ಕೂತು, ಒಡೆದ ಗಾಜಿನ ನಡುವಿನಿಂದ ಎಂಟನ್ನೂ ಹೆಕ್ಕಿದರು. ಬೆರಳು ಕೊಯ್ದು ರಕ್ತ ಬಂದದ್ದಕ್ಕೂ ಲಕ್ಷ್ಯ ಕೊಡದೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದವರು ಮಧ್ಯಾಹ್ನದ ತನಕ ಏಳಲಿಲ್ಲ.

“ಹಾರಿ ಹೋಗೂದಿದ್ರ ಒಂದರಾಗ ಒಂದು ಹೋಗತೈತಿ, ಇನ್ನೊಂದರಾಗ ಮೂರು. ಎಂಟೂ ಸ್ಲೈಡಿನ್ಯಾಗ ಎರಡೆರಡ ಹೆಂಗ ಹಾರ್ತಾವ? ಬಾ, ನೋಡಿಲ್ಲಿ. ಈ ಎರಡು ದೊಡ್ಡವು ಯಾವು?”

ನೋಡಿದೆ. ಗಿಡ್ಡ ಕಡ್ಡಿಗಳ ನಡುವೆ ಎರಡು ಮಾತ್ರ ಚಿಮಟಿಗೆಯಂತೆ ಎರಡೆರಡು ಕಾಲಿನವು. ಎಲ್ಲ ಸ್ಲೈಡಿನಲ್ಲೂ ಹಾಗೆಯೇ. ನಾಲ್ಕು ಕಡ್ಡಿಗಳು ಎರಡೆರಡಾಗಿ ಬೆಸೆದುಕೊಂಡಿದ್ದವು.

“ಕಳದಿಲ್ಲ, ಕೂಡ್ಯಾವ. ಎಷ್ಟ ತಲಿಮಾರಿನ ಹಿಂದೋ ಏನೋ, ಆ ಹಳ್ಳದಾಗ ಕೂಡಿ ಹಂಗ ಉಳದಾವ. ಆದ್ರ ಒಂದ ಮೀನಿನ ಮಾತು ಯಾರೂ ನಂಬಂಗಿಲ್ಲ. ನಾಳಿ ಖಾನಾಪುರಕ್ಕ ಹೋಗೂಣು.”

ನನಗೆ ಅಳುವೇ ಬಂತು. “ಟೈಮ್ ಇಲ್ರಿ ಮೇಡಂ. ಆ ಹಳ್ಳ ಬಿಟ್ಟ ಬರದ್ರ ಯಾರೂ ಕೇಳಂಗಿಲ್ರಿ.”

“ರಿಜಿಸ್ಟರಿನ್ಯಾಗ ಆ ಮೀನಿನ ಸಾಲಿನ ಮುಂದ ನಾ ಏನ ಬರೀಲಿ? ಸುಮ್ನ ಕೊಂದೇವಿ ಅಂತ ಬರೀಲೇನು?”

ಅವರ ಮೇಲೆ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಆದರೆ ಬೆಳಗಿನ ಬಸ್ಸಿಗೆ ನನಗಿಂತ ಮೊದಲು ಬಂದು ನಿಂತಿದ್ದರು. ಹಳ್ಳದಲ್ಲಿ ಬಲೆ ಬೀಸಲು ಬಂದ ಅಲ್ಲಿಯ ಮೀನುಗಾರ ಪರಶು ಮಾಮಾನಿಗೆ ಮೇಡಂ ದೊಡ್ಡ ಒಗಟು. “ಅಕ್ಕಾರ, ಖರೇ ಹೇಳ್ರಿ. ತಿನ್ನೂದಿಲ್ಲ, ಮಾರೂದಿಲ್ಲ, ಮತ್ತ ಇದರಾಗೇನ ಎಣಸ್ತೀರಿ?”

“ಇದರ ಹಿರ್‍ಯಾರನ್ನ ಎಣಸ್ತೇವಿ” ಎಂದರು ಮೇಡಂ, ಮೊಣಕಾಲುದ್ದ ನೀರಿನಲ್ಲಿ ನಿಂತು. ಬಲೆ ತುಂಬ ಮೀನು ಬಂತು. ಆರು ಆರಿಸಿಕೊಂಡು ಉಳಿದವನ್ನು ತಾವೇ ಬೊಗಸೆಯಲ್ಲಿ ನೀರಿಗೆ ಬಿಟ್ಟರು.

ಆರೂ ಮೀನಿನಲ್ಲಿ ನಲವತ್ತೆಂಟೇ ಬಂತು. ಎರಡು ತಿಂಗಳು ಊಟ ನಿದ್ದೆ ಬಿಟ್ಟು ಬರೆದು, ಕೊನೆಯ ದಿನ ಒಪ್ಪಿಸಿದೆ. ಇವತ್ತು ನನಗೊಂದು ಹೆಸರು ಅಂತ ಇದ್ದರೆ ಅದು ಆ ಹಳ್ಳದಿಂದ ಬಂದದ್ದು.

ಮೇಡಂ ತೀರಿಕೊಳ್ಳುವ ಮುಂಚಿನ ತಿಂಗಳು ಅವರ ಮನೆಗೆ ಹೋಗಿದ್ದೆ. ನಿವೃತ್ತಿಯ ನಂತರ ಕಣ್ಣು ಪೂರ್ತಿ ಹೋಗಿತ್ತು. ಧ್ವನಿ ಮಾತ್ರ ಹಳೆಯದೇ. “ಬಾ ನೀಲಾ, ಕುಂದರು. ಕಪಾಟಿನ್ಯಾಗ ರಿಜಿಸ್ಟರ್ ಐತಿ, ತಗಿ. ಆ ಮೊದಲನೇ ಮೀನಿನ ಸಾಲು ನೋಡು.”

ಹುಡುಕಿದೆ. ಎಲ್ಲ ಸಾಲಿನ ಕೊನೆಗೂ ಅವರ ಕೈಬರಹದ ಲೆಕ್ಕವಿತ್ತು. ಆ ಸಾಲಿನ ಕೊನೆ ಮಾತ್ರ ಖಾಲಿ.

“ಬುಟ್ಟಿಗಿ ಹಾಕಿದಾಕಿ ನೀನು. ಬರಿಯಾಕಿನೂ ನೀನ ಆಗಬೇಕಂತ ಬಿಟ್ಟಿದ್ದೆ. ಬರಿ.”

ಚೀಲದಿಂದ ಪೆನ್ನು ತೆಗೆದೆ. ಬರೆದೆ.

“ಏನ ಬರದಿ? ಓದು.”

“ನಲವತ್ತೆಂಟು. ಎಣಿಸಿದವಳು ನೀಲವ್ವ.”

ಅವರು ಕೈಚಾಚಿ ರಿಜಿಸ್ಟರ್ ಇಸಿದುಕೊಂಡು, ತಾವೇ ಮುಚ್ಚಿದರು.